ಟೊಪ್ಪಿ ಹೊಲಿದವರಿಗೆ, ಪುಸ್ತಕ ಕೊಟ್ಟವರಿಗೆ, ಹಾಡು ಎತ್ತಿಕೊಟ್ಟ ಅಜ್ಜನಿಗೆ

ಹೋದ ಶನಿವಾರ ಸಂಜೆ, ಅಮೆರಿಕದ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ, ಬ್ರದರನ್ ಎಂಬ ಕ್ರೈಸ್ತ ಪಂಗಡದ ಒಂದು ಪುಟ್ಟ ಸಭೆಯಲ್ಲಿ ನಮ್ಮ ನಾಟಕ, ಹಾಡುಗಾರಿಕೆ, ಹಳೆ ಪುಸ್ತಕಗಳ ಪ್ರದರ್ಶನ ಮೂರೂ ಸಾಂಗವಾಗಿ ಮುಗಿದವು. ಸಭೆಯವರಿಗೆ ಇಂಗ್ಲಿಷಿನಲ್ಲಿ ಬೇರೆ ಪತ್ರ ಹೋಗಿದೆ. ಇದು ನಮ್ಮ ಕನ್ನಡದವರಿಗೆ. ನೀವು ಟೊಪ್ಪಿ ಹೊಲಿದಿರಿ, ಚಿತ್ರಾನ್ನ ತಂದಿರಿ, ಬೆಂಚು ಹೊತ್ತಿರಿ, ನಡುನಡುವೆ "ಇದು ಯಾರ ಕತೆ, ನಿನಗ್ಯಾಕೆ ಇದರ ಉಸಾಬರಿ?" ಎಂದೂ ಕೇಳಿದಿರಿ. ಕೆಲಸದ ಗಡಿಬಿಡಿಯಲ್ಲಿ ಆಗ ನಕ್ಕು ಸುಮ್ಮನಾಗಿದ್ದೆ. ವಂದನೆಯ ಜೊತೆ ಈಗ ಉತ್ತರವೂ ಇರಲಿ.

ನಮ್ಮ ಊರಲ್ಲಿ ಬ್ರದರನ್ ಎಂದರೆ ಐರ್ಲೆಂಡ್, ಇಂಗ್ಲೆಂಡ್ ಮೂಲದ ಪಂಗಡ. ಇವರು ಬೇರೆ. 1708ರಲ್ಲಿ ಜರ್ಮನಿಯ ಶ್ವಾರ್ಟ್ಸೆನೌ ಹಳ್ಳಿಯಲ್ಲಿ ಐದು ಗಂಡಸರು, ಮೂವರು ಹೆಂಗಸರು ಏಡರ್ ಹೊಳೆಗಿಳಿದು ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಮಗುವಾಗಿದ್ದಾಗಲೇ ಆದ ದೀಕ್ಷಾಸ್ನಾನವನ್ನು ದೊಡ್ಡವರಾದ ಮೇಲೆ ಮತ್ತೆ ಮಾಡಿಸಿಕೊಳ್ಳುವುದು ಆ ಕಾಲಕ್ಕೆ ಅಪರಾಧ. ಮುಂದಾಳು ಅಲೆಕ್ಸಾಂಡರ್ ಮ್ಯಾಕ್, ಹಿಟ್ಟಿನ ಗಿರಣಿಯವನು. ಅವನನ್ನು ನೀರಲ್ಲಿ ಮುಳುಗಿಸಿದ್ದು ಯಾರು ಎಂಬುದನ್ನು ಎಂಟು ಜನರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ, ಮುಂದೆ ಯಾರೂ ಆ ಹೆಸರು ಹಿಡಿದು ಪಂಥ ಕಟ್ಟಬಾರದು ಅಂತ. ನಾನು ಈ ಜನರಿಗೆ ಮನಸೋತದ್ದು ಈ ಸಂಗತಿ ಕೇಳಿಯೇ. 1719ರಲ್ಲಿ ಪೀಟರ್ ಬೆಕರ್ ಜೊತೆ ಮೊದಲ ತಂಡ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಸೇರಿತು. ಹತ್ತು ವರ್ಷದ ಮೇಲೆ ಮ್ಯಾಕ್ ಕೂಡ ಬಂದ. ಅವರ ಮಕ್ಕಳು ಮರಿಗಳು ಹೊಲ ಹುಡುಕುತ್ತ ಈ ಶೆನಾಂಡೋವಾ ಕಣಿವೆಗೂ ಇಳಿದರು.

ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ, ಆಡಂಬರ ಬೇಡ: ಇದು ಅವರ ದಾರಿ. ಹತ್ತೊಂಬತ್ತನೇ ಶತಮಾನದಲ್ಲಿ ಆರಾಧನೆಗೆ ವಾದ್ಯ ಸಲ್ಲ, ನಾಟಕ ನೋಡಲು ಹೋಗಬಾರದು ಎಂದು ಹಿರಿಯರು ಕಟ್ಟುನಿಟ್ಟು ಮಾಡಿದ್ದರು. ಅಂಥವರ ಕತೆಯನ್ನು ಅವರದೇ ಪ್ರಾರ್ಥನಾ ಮಂದಿರದಲ್ಲಿ ನಾಟಕ ಮಾಡುತ್ತೇನೆಂದು, ಉಡುಪಿಯ ಬಾಸೆಲ್ ಮಿಶನ್ ಪರಂಪರೆಯ ದೇವಾಲಯದಲ್ಲಿ ಕ್ರಿಸ್ಮಸ್ ನಾಟಕ ಆಡಿಕೊಂಡು ಬೆಳೆದ ನಾನು ಕೇಳಿದ್ದು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಬರೆದು ತಾ, ಓದೋಣ" ಎಂದರು. ಆ ನಂಬಿಕೆಗೆ ಮೊದಲ ನಮಸ್ಕಾರ.

ನಾಟಕ ಜಾನ್ ಕ್ಲೈನ್ ಎಂಬ ಹಿರಿಯನದು. ಬ್ರಾಡ್‌ವೇ ಎಂಬ ಊರಲ್ಲಿ ಅವನ ಮನೆ ಇವತ್ತಿಗೂ ನಿಂತಿದೆ. ರೈತ, ಬೋಧಕ, ಗಿಡಮೂಲಿಕೆಯ ವೈದ್ಯ. ನೆಲ್ ಎಂಬ ಹೆಣ್ಣುಕುದುರೆ ಹತ್ತಿ ಊರೂರು ಸುತ್ತಿದವನು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಇಡೀ ಪಂಗಡದ ವಾರ್ಷಿಕ ಸಭೆಗೆ ಅವನೇ ಅಧ್ಯಕ್ಷ. ದಕ್ಷಿಣದವನಾಗಿ ಉತ್ತರದ ಸಭೆಗಳಿಗೆ ಹೋಗಿಬರುತ್ತಾನೆಂದು ಎಲ್ಲರಿಗೂ ಅನುಮಾನ. 1862ರಲ್ಲಿ ಅವನನ್ನು ಹ್ಯಾರಿಸನ್‌ಬರ್ಗಿನಲ್ಲಿ ಸೆರೆಯಲ್ಲಿಟ್ಟರು. 1864ರ ಜೂನ್ 15ರಂದು ಮನೆಯಿಂದ ಕೆಲವೇ ಮೈಲಿ ದೂರದಲ್ಲಿ, ದಾರಿಯಲ್ಲಿ ಹೊಂಚು ಹಾಕಿ ಗುಂಡಿಟ್ಟು ಕೊಂದರು.

ಕೊಲೆಯನ್ನು ವೇದಿಕೆಯಲ್ಲಿ ತೋರಿಸುವುದು ಹೇಗೆ? ಹಿರಿಯರದು ಒಂದೇ ಷರತ್ತು: ನಮ್ಮ ಮಕ್ಕಳ ಕೈಗೆ ಮರದ ಬಂದೂಕೂ ಕೊಡಕೂಡದು, ಗುಂಡಿನ ಸದ್ದೂ ಬೇಡ. ನನಗೆ ತಲೆಬಿಸಿಯಾಯಿತು. ಹಾದಿ ತೋರಿಸಿದ್ದು ಅವರ ಹಳೆಯ ಹಾಡಿನ ಕ್ರಮವೇ. ಆಗ ಎಲ್ಲರ ಕೈಯಲ್ಲೂ ಪುಸ್ತಕ ಇರುತ್ತಿರಲಿಲ್ಲ. ಒಬ್ಬರು ಎರಡು ಸಾಲು ಗಟ್ಟಿಯಾಗಿ ಓದಿ ಕೊಡಬೇಕು, ಸಭೆ ಅದನ್ನು ಹಾಡಬೇಕು, ಮತ್ತೆ ಎರಡು ಸಾಲು. ನಮ್ಮ ಕ್ಲೈನ್ ಪಾತ್ರಧಾರಿ ಹಾಗೆಯೇ ಸಾಲು ಕೊಡುತ್ತ, ಹಿಂದೆ ಸಭೆ ಹಾಡುತ್ತಿರಲು ಬೆಂಚುಗಳ ನಡುವಿನ ದಾರಿಯಲ್ಲಿ ನಡೆದು ಬಾಗಿಲು ದಾಟಿ ಹೋದ. ಹಾಡು ಎರಡನೇ ಸಾಲಿಗೆ ಮುಗಿಯಿತು. ಮುಂದಿನ ಸಾಲು ಕೊಡುವವರಿಲ್ಲ. ದೀಪ ಆರಿಸಿ ಅಲ್ಲಿಗೆ ದೃಶ್ಯ ಮುಗಿಸಬೇಕೆಂದು ನನ್ನ ಲೆಕ್ಕ.

ದೀಪ ಆರುವ ಮೊದಲೇ ಮೂರನೇ ಬೆಂಚಿನಿಂದ, ತೊಂಬತ್ತರ ಹತ್ತಿರದ ಅಜ್ಜನೊಬ್ಬರು, ಕೂತಲ್ಲಿಂದಲೇ ಮುಂದಿನ ಎರಡು ಸಾಲು ಓದಿ ಕೊಟ್ಟರು. ಪುಸ್ತಕ ನೋಡಲಿಲ್ಲ. ಸಭೆ ಹಾಡಿತು. ದೀಪದ ಹೊಣೆ ಹೊತ್ತ ಶಿವಮೊಗ್ಗದ ಹುಡುಗ ಸ್ವಿಚ್ಚಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದ. ಬೇಡ ಎಂದು ಕೈಯಾಡಿಸಿದೆ. ಹಾಡು ಕೊನೆಯ ಚರಣದವರೆಗೂ ಹೋಯಿತು. ನಾಟಕದಲ್ಲಿ ಬರೆಯದೇ ಇದ್ದ ಆ ದೃಶ್ಯಕ್ಕೆ, ಅಜ್ಜ, ನಿಮಗೆ ಶರಣು. ಹುಡುಗನಿಗೂ ಶಹಬ್ಬಾಸ್.

ಹಾಡಿನ ತರಬೇತಿಗೆ ಬಂದ ನಮ್ಮವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆಕಾರಸ್ವರದ ಪುಸ್ತಕ. ಈ ಕಣಿವೆಯ ಸಿಂಗರ್ಸ್ ಗ್ಲೆನ್ ಊರಿನ ಜೋಸೆಫ್ ಫಂಕ್ 1832ರಲ್ಲಿ ಅಚ್ಚು ಹಾಕಿಸಿದ ಸಂಗ್ರಹ ಅದು. ಫಂಕ್ ಬ್ರದರನ್ನರಂತೆಯೇ ಯುದ್ಧ ಒಲ್ಲದ ಮೆನ್ನೊನೈಟ್ ಪಂಗಡದವನು, ಇವರ ನೆರೆಹೊರೆಯವನು. ಸ್ವರ ಗುರುತಿಸಲು ತ್ರಿಕೋನ, ಚೌಕ, ಗುಂಡು, ವಜ್ರದಾಕಾರ. ಮೊದಲು ಸ್ವರದ ಹೆಸರಿನಲ್ಲಿ ಒಂದಾವರ್ತಿ ಹಾಡಬೇಕು, ಆಮೇಲೆ ಸಾಹಿತ್ಯ. "ಇದು ನಮ್ಮ ಗೀತೆ ಪಾಠದ ಥರಾನೇ ಅಲ್ವಾ?" ಎಂದು ಮೈಸೂರಿನ ಸಂಗೀತದ ಟೀಚರ್ ಕಾಲು ಮಡಚಿ ಬೆಂಚಿನ ಮೇಲೆ ಕೂತೇ ಬಿಟ್ಟರು. ನಾಲ್ಕು ಧ್ವನಿಗಳಲ್ಲಿ ಕೆಳಗಿನ ಧ್ವನಿ ಹಿಡಿಯಲು ಗಂಡಸರು ಸಾಲದಾದಾಗ ಅವರ ಯಜಮಾನರನ್ನು ಎಳೆದು ತಂದದ್ದೂ ಅವರೇ. ಟೀಚರ್, ನಿಮ್ಮಿಬ್ಬರಿಗೂ ವಂದನೆ.

ಬಿಳಿ ಪ್ರಾರ್ಥನಾ ಟೊಪ್ಪಿಗಳ ಅಳತೆ ಕಲಿಸಿದವರು ಓಲ್ಡ್ ಜರ್ಮನ್ ಬ್ಯಾಪ್ಟಿಸ್ಟ್ ಬ್ರದರನ್ ಪಂಗಡದ ಇಬ್ಬರು ಹೆಂಗಸರು. 1881ರಲ್ಲಿ ಮೂಲ ಪಂಗಡದಿಂದ ಬೇರೆಯಾದ ಅವರು ಇಂದಿಗೂ ವಾದ್ಯವಿಲ್ಲದೆ ಹಾಡುವವರು. ನಮ್ಮ ರವಿಕೆ ಹೊಲಿಯುವ ಹಾಸನದ ಅಕ್ಕನಿಗೆ ಒಂದೊಂದು ನಿರಿಗೆಯನ್ನೂ ಬಿಡಿಸಿ ತೋರಿಸಿದರು, ದಾರ ಕಾಣದಂತೆ ಅಂಚು ಮಡಚುವುದನ್ನು ಹೇಳಿಕೊಟ್ಟರು. ನಾಟಕಕ್ಕೆ ಬರಲಿಲ್ಲ. ಬರುವುದಿಲ್ಲವೆಂದು ಮೊದಲೇ ಹೇಳಿದ್ದರು. ತಾವು ನೋಡದ ನಾಟಕಕ್ಕೆ ಇಷ್ಟು ಅಚ್ಚುಕಟ್ಟಾಗಿ ದುಡಿದುಕೊಟ್ಟ ಅವರ ದೊಡ್ಡತನ ನನಗೆ ಇನ್ನೂ ಅರಗಿಲ್ಲ.

ಪುಸ್ತಕದ ಮೇಜಿನ ಬಗ್ಗೆ ಹೇಳದಿದ್ದರೆ ಹೇಗೆ. ಜರ್ಮನ್‌ಟೌನಿನ ಕ್ರಿಸ್ಟೋಫರ್ ಸೌವರ್ 1743ರಲ್ಲೇ ಜರ್ಮನ್ ಬೈಬಲ್ ಅಚ್ಚು ಮಾಡಿದ, ಅಮೆರಿಕದಲ್ಲಿ ಐರೋಪ್ಯ ಭಾಷೆಯೊಂದರ ಮೊದಲ ಬೈಬಲ್. ಮರುವರ್ಷ ಬ್ರದರನ್ನರ ಹಾಡಿನ ಪುಸ್ತಕ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಶುರುವಾಗುವುದಕ್ಕೆ ಸುಮಾರು ನೂರು ವರ್ಷ ಮೊದಲಿನ ಮಾತು. ಸೌವರನ ಮಗ ಬ್ರದರನ್ ಹಿರಿಯನಾದ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ನಿಷ್ಠೆಯ ಆಣೆ ಇಡಲೊಪ್ಪದೆ, 1778ರಲ್ಲಿ ಮನೆ, ಅಚ್ಚುಕೂಟ ಎಲ್ಲ ಮುಟ್ಟುಗೋಲಾಯಿತು. ಕಟ್ಟು ಹಾಕದೆ ಬಿದ್ದಿದ್ದ ಬೈಬಲ್ ಹಾಳೆಗಳು ಬಂದೂಕಿನ ತೋಟಾ ಸುತ್ತಲು ಹೋದವು ಎಂದು ಇಲ್ಲಿಯವರು ಹೇಳುತ್ತಾರೆ.

ಇನ್ನೊಂದು ಪುಸ್ತಕದ ಚಿತ್ರ ಮಾತ್ರ ಇಟ್ಟಿದ್ದೆವು. ಅದೇ ಅಂತರ್ಯುದ್ಧದ, ಮೇರಿಲ್ಯಾಂಡಿನ ಆ್ಯಂಟೀಟಮ್ ಕಾಳಗ, 1862ರ ಸೆಪ್ಟೆಂಬರ್ 17, ನಡೆದದ್ದು ಬ್ರದರನ್ನರ ಒಂದು ಬಿಳಿ ಮಂದಿರದ ಸುತ್ತ. ನ್ಯೂಯಾರ್ಕಿನ ಸೈನಿಕನೊಬ್ಬ ಅಲ್ಲಿನ ಬೈಬಲ್ ಎತ್ತಿಕೊಂಡು ಹೋಗಿದ್ದ. 1903ರಲ್ಲಿ ಅದು ವಾಪಸು ಬಂತು. ಅದನ್ನು ತಲುಪಿಸಲು ನೆರವಾದವನು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಲ್ಲಿದ್ದ ಜಾನ್ ಲೂಯಿಸ್ ಎಂಬ ಕಪ್ಪು ಜನಾಂಗದ ಬ್ರದರನ್. ಪ್ರದರ್ಶನಕ್ಕೆ ಬಂದ ಮಕ್ಕಳೆಲ್ಲ ನಿಂತು ಓದಿದ್ದು ಈ ಫಲಕವನ್ನೇ.

ಬ್ರದರನ್ನರು ಗುಜರಾತಿನಲ್ಲಿ ನಡೆಸುತ್ತಿದ್ದ ಮಿಶನ್ನಿನಲ್ಲಿ ಹುಟ್ಟಿ ಬೆಳೆದ ಹಿರಿಯ ಹೆಂಗಸೊಬ್ಬರು ತಮ್ಮ ತಾಯಿಯ ಗುಜರಾತಿ ಹಾಡಿನ ಪುಸ್ತಕ ತಂದು ಮೇಜಿಗಿಟ್ಟರು. ನನ್ನನ್ನು ಕಂಡಾಗೆಲ್ಲ "ಕೇಮ್ ಛೋ" ಎನ್ನುತ್ತಾರೆ. ನಾನು "ಚೆನ್ನಾಗಿದ್ದೇನೆ" ಎನ್ನುತ್ತೇನೆ. ಇಬ್ಬರಿಗೂ ಸಾಕು. ಪ್ರೀತಿಭೋಜನಕ್ಕೆ, ಅಂದರೆ ಸಭೆಯವರೆಲ್ಲ ಕೂಡಿ ಮಾಡುವ ಪವಿತ್ರ ಊಟಕ್ಕೆ, ಮಾಡುವ ಹುಳಿಯಿಲ್ಲದ ರೊಟ್ಟಿಗೆ ಮುಳ್ಳುಚಮಚದಿಂದ ಸಾಲು ಸಾಲಾಗಿ ಚುಚ್ಚುವುದನ್ನು ನಮ್ಮ ಹುಡುಗಿಯರಿಗೆ ಕಲಿಸಿದವರೂ ಅವರೇ.

ಬೆಂಚು ಜೋಡಿಸಿದವರು, ಪಾತ್ರೆ ತೊಳೆದವರು, ತಾಲೀಮಿಗೆ ಮಕ್ಕಳನ್ನು ಕರೆತಂದು ಕಾರಿನಲ್ಲೇ ಕಾದವರು, ಚಿತ್ರಾನ್ನದ ಕಡಲೆಬೀಜ ಆರಿಸಿ ತಿಂದ ಪುಟ್ಟ ನಟರು, ಎಲ್ಲರಿಗೂ ಕೈಮುಗಿದಿದ್ದೇನೆ. ಎರವಲು ತಂದ ಪುಸ್ತಕಗಳೆಲ್ಲ ಅವರವರ ಮನೆ ಸೇರಿವೆ. ಅಗಲ ಅಂಚಿನ ಎರಡು ಕಪ್ಪು ಹ್ಯಾಟು ಮಾತ್ರ ನಮ್ಮ ಡಿಕ್ಕಿಯಲ್ಲೇ ಉಳಿದಿವೆ. ಯಾರ ಮನೆಯವು ಎಂದು ಗೊತ್ತಿದ್ದವರು ಒಂದು ಫೋನ್ ಮಾಡಿ.