ಜನರ ದುಡ್ಡಲ್ಲಿ ಕಟ್ಟಿದ ಈಜುಕೊಳಕ್ಕೆ ಜನರನ್ನೇ ಬಿಡದಿರೋ ಬಗ್ಗೆ ದೂರು

ಮಾನ್ಯ ಮ್ಯಾನೇಜರ್ ಅವರಿಗೆ,

ಫೋನ್ ಮಾಡಿ ಮಾತಾಡಿದ್ದಾಯ್ತು, ನಿಮ್ಮ ಹೆಲ್ಪ್‌ಲೈನ್‌ನವ್ರು "ನೋಟ್ ಮಾಡ್ಕೊಂಡಿದೀವಿ ಮೇಡಂ" ಅಂದಿದ್ದಾಯ್ತು, ಮೇಲ್ ಹಾಕಿದ್ದಕ್ಕೆ ತಾನಾಗೇ ಬರೋ ಥ್ಯಾಂಕ್ಯೂ ಮೆಸೇಜೂ ಬಂತು. ಆಮೇಲೆ ನಿನ್ನೆವರೆಗೂ ಒಬ್ಬರೂ ತಿರುಗಿ ನೋಡಲಿಲ್ಲ. ಅದಕ್ಕೇ ಈಗ ಪತ್ರ ಬರೀತಿದೀನಿ, ಇದರ ಒಂದು ಕಾಪಿ ಈ ಕೊಳದ ನಿಜವಾದ ಮಾಲೀಕರಾದ ನಗರಾಡಳಿತಕ್ಕೂ ಹೋಗತ್ತೆ. ಸಮಾಧಾನವಾಗೇ ಬರೀಬೇಕು ಅಂತ ಕೂತಿದೀನಿ, ಎಲ್ಲಿವರೆಗೂ ಆಗತ್ತೋ ನೋಡೋಣ.

ನಿಮ್ಮ ನಿಯಮ ನಿಮಗೆ ಗೊತ್ತಿಲ್ಲ ಅಂತ ನಾನು ಅನ್ಕೊಂಡಿಲ್ಲ. ಕೊಳ ಕಟ್ಟಿದ್ದು ನಮ್ಮ ತೆರಿಗೆ ದುಡ್ಡು, ನೀವು ಅದನ್ನ ನಡೆಸೋಕೆ ಗುತ್ತಿಗೆ ತಗೊಂಡಿರೋರು ಅಷ್ಟೇ. ಆ ಗುತ್ತಿಗೆ ಷರತ್ತುಗಳನ್ನ ನೀವೇ ಫ್ರೇಮ್ ಹಾಕ್ಸಿ ಟಿಕೆಟ್ ಕೌಂಟರ್ ಪಕ್ಕದ ಗೋಡೆಗೆ ತಗುಲಿಹಾಕಿದೀರ. ತೆರೆದಿರೋ ಅಷ್ಟೂ ಹೊತ್ತು 8 ಲೇನಲ್ಲಿ 3 ಲೇನ್ ಸಾರ್ವಜನಿಕರಿಗೆ ಬಿಟ್ಟಿರ್ಬೇಕು, ದಿನದ ಟಿಕೆಟ್ ಕೌಂಟರಲ್ಲೇ ಕೊಡ್ಬೇಕು, ಸ್ಕೂಲ್ ಮಕ್ಕಳಿಗೂ ಹಿರಿಯರಿಗೂ ಅರ್ಧ ದರ, ಅದಕ್ಕೆ ವಯಸ್ಸು ತೋರಿಸೋ ಒಂದು ಗುರುತಿನ ಚೀಟಿ ಸಾಕು. ಕೆಳಗೆ ನಿಮ್ಮ ಕಂಪನಿ ಸೀಲೂ ಇದೆ, ಸೈನೂ ಇದೆ.

ಈಗ ಆ ಮಧ್ಯಾಹ್ನ ನಡೆದಿದ್ದನ್ನ ಪೂರ್ತಿ ಬರೀತೀನಿ, ಯಾಕಂದ್ರೆ ಫೋನಲ್ಲಿ ಹೇಳೋಕೆ ಹೋದಾಗೆಲ್ಲ ನಿಮ್ಮವ್ರು ಅರ್ಧಕ್ಕೇ ತಡೆದು "ಪಾಯಿಂಟಿಗೆ ಬನ್ನಿ ಮೇಡಂ" ಅಂತಿದ್ರು. ಪಾಯಿಂಟೇ ಇದು.

ನನ್ನ ಮಗಳಿಗೆ 11 ವರ್ಷ, ಈಜು ಕಲೀಬೇಕು. ನಮ್ಮಪ್ಪನಿಗೆ ಮಂಡಿ ನೋವು, ನೆಲದ ಮೇಲೆ ವಾಕಿಂಗ್ ಬೇಡ, ನೀರಲ್ಲಿ ನಡೀರಿ ಅಂತ ಡಾಕ್ಟರ್ ಹೇಳಿದಾರೆ. ಇಬ್ಬರನ್ನೂ ಕರ್ಕೊಂಡು ಬಂದಿದ್ದೆ. ಕೌಂಟರಲ್ಲಿದ್ದವರು ಮೊಬೈಲಿಂದ ತಲೆ ಎತ್ತದೇ "ಮೆಂಬರ್ರಾ?" ಅಂದ್ರು. ಇಲ್ಲ, ದಿನದ ಟಿಕೆಟ್ ಬೇಕು, ಒಂದು ಮಗು, ಒಬ್ಬರು ಹಿರಿಯರು, ಒಂದು ನಂದು ಅಂದೆ. "ದಿನದ್ದೆಲ್ಲ ಆ್ಯಪಲ್ಲಿ." ಸರಿ ಅಂತ ಅಲ್ಲೇ ನಿಂತು ಆ್ಯಪ್ ಹಾಕ್ಕೊಂಡೆ, ಓಟಿಪಿ ಬಂತು, ಹೆಸರು ವಿಳಾಸ ಹುಟ್ಟಿದ ದಿನ ಎಲ್ಲ ಕೇಳ್ತು, ಎಲ್ಲ ಕೊಟ್ಮೇಲೆ ಸಂಜೆವರೆಗಿನ ಎಲ್ಲ ಸ್ಲಾಟೂ ಕೆಂಪು, ಫುಲ್ ಅಂತ ತೋರಿಸ್ತು. ಅವರ ಹಿಂದೆ ದೊಡ್ಡ ಗಾಜಿನ ಗೋಡೆ, ಅದರಾಚೆ ಕೊಳ ಪೂರ್ತಿ ಕಾಣ್ಸತ್ತೆ. 8 ಲೇನಲ್ಲಿ ಈಜ್ತಿದ್ದವರು ಒಬ್ಬರು. ಒಬ್ಬರೇ. ಮಿಕ್ಕ ನೀರು ಅಲುಗಾಡದೇ ನಿಂತಿತ್ತು, ತಳದ ಕಪ್ಪು ಗೆರೆ ಸ್ಕೇಲಲ್ಲಿ ಎಳೆದಷ್ಟು ನೇರವಾಗಿ ಕಾಣ್ತಿತ್ತು.

ಖಾಲಿ ಇದ್ಯಲ್ಲ ಸಾರ್ ಅಂದೆ.

"ಅದು ಬ್ಲಾಕ್ ಆಗಿರೋದು, ಅಕಾಡೆಮಿಗೆ."

ಅಕಾಡೆಮಿ ಮಕ್ಕಳು ಎಲ್ಲಿದಾರೆ ಅಂದೆ. "ಸಂಜೆ ಬರ್ತಾರೆ." ಸಂಜೆ ಬರೋರಿಗೋಸ್ಕರ ಮಧ್ಯಾಹ್ನ ಯಾಕೆ ಬ್ಲಾಕ್ ಮಾಡಿದೀರ ಅಂದೆ. ಆಗ ತಲೆ ಎತ್ತಿದ್ರು. ಎತ್ತಿ ನನ್ನನ್ನ ನೋಡ್ಲಿಲ್ಲ, ನಮ್ಮಪ್ಪನ ಚಪ್ಪಲಿ ನೋಡಿದ್ರು. ನಾನು ಗೋಡೆ ಮೇಲಿನ ಷರತ್ತು ತೋರಿಸ್ದೆ, "ಅದು ಹಳೇದು" ಅಂದ್ರು. ಹಳೇದಾದ್ರೆ ತೆಗೀರಿ ಅಂದೆ, ಅದಕ್ಕೆ ಉತ್ತರ ಇಲ್ಲ. ನಮ್ಮಪ್ಪ ಅಷ್ಟರಲ್ಲಿ ಪರ್ಸಿಂದ ಗುರುತಿನ ಚೀಟಿ ತೆಗೆದು ಕೌಂಟರ್ ಮೇಲೆ ಇಟ್ಟಿದ್ರು, ಅದರ ಲ್ಯಾಮಿನೇಷನ್ ಅಂಚೆಲ್ಲ ಬಿಟ್ಕೊಂಡಿದೆ, ಹಳೇ ಚೀಟಿ. ನಿಮ್ಮವರು ಅದನ್ನ ಕೈಯಲ್ಲಿ ಮುಟ್ಟಲಿಲ್ಲ. ಪೆನ್ನಿನ ತುದೀಲಿ ಮಗುಚಿ ಹಾಕಿ ಹಿಂದೆ ಮುಂದೆ ನೋಡಿ ಪೆನ್ನಿಂದಲೇ ವಾಪಸ್ ತಳ್ಳಿದ್ರು. "ಕನ್ಸೆಷನ್ ಬೇಕಂದ್ರೆ ಇದು ನಡೆಯಲ್ಲ, ಆದಾಯದ ಸರ್ಟಿಫಿಕೇಟ್ ತನ್ನಿ" ಅಂತ ದನಿ ಏರಿಸಿ ಹೇಳಿದ್ರು. ನಮ್ಮ ಹಿಂದೆ ಕ್ಯೂ ಇತ್ತು, ಎಲ್ಲ ಮೆಂಬರ್‌ಗಳು, ಒಬ್ಬೊಬ್ಬರೇ ಕಾರ್ಡ್ ಮುಟ್ಟಿಸಿ ಪಕ್ಕದ ಗೇಟಲ್ಲಿ ಒಳಗೆ ಹೋಗ್ತಿದ್ರು, ಅವರೆಲ್ಲರ ಎದುರಿಗೆ "ಮನೇಲಿ ದುಡಿಯೋರು ಎಷ್ಟು ಜನ, ತಿಂಗಳಿಗೆ ಎಷ್ಟು ಬರತ್ತೆ ಹೇಳಿ, ನೋಡಣ" ಅಂದ್ರು. ನಾನು ಅರ್ಧ ದರಾನೂ ಬೇಡ, ಪೂರ್ತಿ ತಗೊಳ್ಳಿ, ಟಿಕೆಟ್ ಕೊಡಿ ಅಂದೆ. ಆಗ ಈಜೋವಾಗ ಹಾಕೋ ಕ್ಯಾಪಿನ ತಕರಾರು ಶುರುವಾಯ್ತು. ಮಗಳ ಬ್ಯಾಗಲ್ಲಿ ಹೊಸ ಕ್ಯಾಪ್ ಇತ್ತು, ಅದು ಆಗಲ್ವಂತೆ, ನಿಮ್ಮ ಲೋಗೋ ಇರೋ ಕ್ಯಾಪೇ ಆಗ್ಬೇಕಂತೆ, ಅದು ನಿಮ್ಮ ಶಾಪಲ್ಲೇ ಸಿಗೋದಂತೆ. ಸರಿ ಅದನ್ನೂ ತಗೋತೀನಿ ಅಂದ್ರೆ, "ತಗೊಂಡ್ರೂ ಸ್ಲಾಟ್ ಇಲ್ವಲ್ಲ ಮೇಡಂ" ಅಂದ್ರು. ಕೊನೇಗೆ, ದೊಡ್ಡ ಉಪಕಾರ ಮಾಡೋ ದನೀಲಿ, "ಮಗು ಆಸೆ ಪಡ್ತಿದ್ರೆ ಗ್ಯಾಲರೀಲಿ ಕೂರಿಸಿ, ನೋಡ್ಕೊಂಡು ಹೋಗ್ಲಿ, ಅದಕ್ಕೆ ವಿಸಿಟರ್ ಟಿಕೆಟ್ ಬೇರೆ ಇದೆ" ಅಂದ್ರು.

ಖಾಲಿ ನೀರು ನೋಡೋಕೆ ಟಿಕೆಟ್! ನಮ್ಮಪ್ಪ ಚೀಟಿ ಎತ್ತಿ ಪರ್ಸಿಗೆ ಹಾಕ್ಕೊಂಡು "ಬಾಮ್ಮ ಹೋಗಣ, ನಾನು ಈಜಿ ಏನಾಗ್ಬೇಕು" ಅಂದ್ರು. ಜೀವನಪೂರ್ತಿ ತೆರಿಗೆ ಕಟ್ಟಿದ ಮನುಷ್ಯ ಅವರು. ಆ ಮಾತು ಅವರ ಬಾಯಲ್ಲಿ ಬರೋ ಹಾಗೆ ಮಾಡಿದ್ದಕ್ಕೆ ನಾನು ನಿಮ್ಮನ್ನ ಸುಲಭಕ್ಕೆ ಬಿಡಲ್ಲ.

ಆಮೇಲೆ ನೀವೇ ಹೊರಗೆ ಬಂದ್ರಿ. ಬಂದು ಹೇಳಿದ್ದು ಎರಡು ಮಾತು. ಎಲ್ಲರನ್ನೂ ಬಿಟ್ರೆ ಮೇಂಟೆನೆನ್ಸ್ ಹೇಗೆ ಅನ್ನೋದು ಒಂದು, ಪ್ರಪಂಚದಲ್ಲಿ ಎಲ್ಲೂ ಒಲಿಂಪಿಕ್ ಸೈಜ್ ಕೊಳಕ್ಕೆ ಜನಸಾಮಾನ್ಯರನ್ನ ಬಿಡಲ್ಲ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಕೊಡ್ತೀನಿ.

50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳ ಅಂದ್ರೆ 25 ಲಕ್ಷ ಲೀಟರ್ ನೀರು. ಆ ನೀರನ್ನ ಪಂಪ್ ಎಳೀತಾನೇ ಇರ್ಬೇಕು, ಫಿಲ್ಟರ್ ಆಗ್ತಾನೇ ಇರ್ಬೇಕು, ಕ್ಲೋರಿನ್ ಅಳತೆ ನೋಡ್ತಾನೇ ಇರ್ಬೇಕು, ಒಳಗೆ ಒಬ್ಬರು ಇದ್ರೂ ಅಷ್ಟೇ, ಯಾರೂ ಇಲ್ಲದಿದ್ರೂ ಅಷ್ಟೇ. ಜನ ಜಾಸ್ತಿ ಬಂದ್ರೆ ಸ್ವಲ್ಪ ಕ್ಲೋರಿನ್ ಜಾಸ್ತಿ ಬೇಕಾಗತ್ತೆ, ಶವರ್ ನೀರು ಜಾಸ್ತಿ ಹೋಗತ್ತೆ, ಒಪ್ತೀನಿ. ಆದ್ರೆ ಖರ್ಚಿನ ಹೆಚ್ಚಿನ ಪಾಲು ಖಾಲಿ ಕೊಳಕ್ಕೂ ಆಗೇ ಆಗತ್ತೆ, ಲೈಫ್‌ಗಾರ್ಡ್ ಸಂಬಳನೂ ಸೇರಿ. ಹಾಗಿರೋವಾಗ ಟಿಕೆಟ್ ದುಡ್ಡು ಕೈಯಲ್ಲಿ ಹಿಡ್ಕೊಂಡು ನಿಂತಿದ್ದ ಮೂರು ಜನರನ್ನ ವಾಪಸ್ ಕಳಿಸಿದ್ರಿಂದ ಯಾವ ಮೇಂಟೆನೆನ್ಸ್ ಆಯ್ತು?

ಪ್ರಪಂಚದ ವಿಷಯ ಹೇಳಿದ್ರಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ 7 ಚಿನ್ನ ಗೆದ್ದರಲ್ಲ, ಆ ಕೊಳ ಆಮೇಲೆ ಸಾರ್ವಜನಿಕ ಈಜುಕೊಳ ಆಯ್ತು, ಟಿಕೆಟ್ ತಗೊಂಡು ಯಾರು ಬೇಕಾದ್ರೂ ಇಳೀಬಹುದು. ಲಂಡನ್ನಲ್ಲಿ 2012ರ ಒಲಿಂಪಿಕ್ಸಿಗೆ ಅಂತ ಕಟ್ಟಿದ ಅಕ್ವಾಟಿಕ್ಸ್ ಸೆಂಟರಲ್ಲಿ ಕೂಟ ಮುಗಿದ್ಮೇಲೆ ಎರಡೂ ಕಡೆಯ ತಾತ್ಕಾಲಿಕ ಗ್ಯಾಲರಿ ಕಿತ್ತು 17,500 ಸೀಟಿದ್ದದ್ದನ್ನ 2,500ಕ್ಕೆ ಇಳಿಸಿದ್ರು, 2014ರ ಮಾರ್ಚಲ್ಲಿ ಜನರಿಗೆ ತೆರೆದ್ರು, ದರಾನೂ ಸುತ್ತಮುತ್ತಲಿನ ಮಾಮೂಲಿ ಸಾರ್ವಜನಿಕ ಕೊಳಗಳಿಗೆ ಹೊಂದೋ ಹಾಗೆ ಇಟ್ಟರು. ಅಲ್ಲಿ ನೋಡೋರ ಸೀಟು ತೆಗೆದು ಈಜೋರಿಗೆ ಜಾಗ ಮಾಡಿದ್ರು, ನೀವು ಈಜೋಕೆ ಬಂದವರನ್ನ ಗ್ಯಾಲರಿಗೆ ಕಳಿಸ್ತಿದೀರ.

ಬೇರೆ ಥರದ ಉದಾಹರಣೆನೂ ಇದೆ, ನೀವು ಅದನ್ನೇ ನೋಡಿ ಕಲಿತಿರೋ ಹಾಗಿದೆ. ಬ್ರೆಜಿಲ್‌ನ ರಿಯೋದ ಮರಕನಾ ಸ್ಟೇಡಿಯಂ 1950ರ ಫುಟ್‌ಬಾಲ್ ವಿಶ್ವಕಪ್‌ಗೆ ಅಂತ ಕಟ್ಟಿದ್ದು, ಅದರಲ್ಲಿ ಜೆರಾಲ್ ಅಂತ ಮೈದಾನದ ಪಕ್ಕದಲ್ಲೇ ನಿಂತ್ಕೊಂಡು ನೋಡೋ ಜಾಗ ಇತ್ತು, ಅತೀ ಅಗ್ಗದ ಟಿಕೆಟ್, ಕೂಲಿ ಮಾಡೋರೂ ಬರ್ತಿದ್ರು. 2005ರಲ್ಲಿ ರಿನೋವೇಷನ್ ಅಂತ ಹೇಳಿ ಅದನ್ನ ತೆಗೆದೇಬಿಟ್ರು. ಎಲ್ಲ ಕಡೆ ಹೀಗೇ, ಮೊದಲು ಮಾಯ ಆಗೋದು ಅಗ್ಗದ ಟಿಕೆಟ್ಟೇ. ನೀವೂ ಟೈಲ್ಸ್ ಬದಲಾಯಿಸ್ತೀವಿ ಅಂತ ಬಾಗಿಲು ಹಾಕಿದ್ರಿ, ತೆರೆದಾಗ ಟೈಲ್ಸ್ ಹೊಸದು, ದಿನದ ಟಿಕೆಟ್ ಕಿಟಕಿ ಮುಚ್ಚಿತ್ತು, ಅಲ್ಲಿ ಈಗ ಪ್ರೋಟೀನ್ ಪೌಡರ್ ಡಬ್ಬಿ ಜೋಡಿಸಿದೀರ.

ನಿಮಗೆ ಇದು ಶೋಕಿ ವಿಷಯ ಅನ್ಸಬಹುದು, ಬಡವರಿಗೆ ಈಜು ಯಾಕೆ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತಿದಾರೆ, ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಶಾಲೆಗೆ ಹೋಗೋ ವಯಸ್ಸಿನ ಮಕ್ಕಳಿಗೆಲ್ಲ ಈಜು ಕಲಿಸಿ ಅಂತ ಅದೇ ಸಂಸ್ಥೆ ಹೇಳತ್ತೆ. ಎಲ್ಲಿ ಕಲೀಬೇಕು ಮಕ್ಕಳು? ವರ್ಷದ ಮೆಂಬರ್‌ಶಿಪ್ ದುಡ್ಡು ಒಂದೇ ಸಲ ಕಟ್ಟೋಕೆ ಆಗೋರ ಮಕ್ಕಳು ನಿಮ್ಮಲ್ಲಿ ಕಲೀತಾರೆ, ಮಿಕ್ಕವರು ಕೆರೆಗೋ ಕ್ವಾರಿಗೋ ಹೋಗಿ ಧುಮುಕ್ತಾರೆ, ಅಲ್ಲಿ ಲೈಫ್‌ಗಾರ್ಡ್ ಇರಲ್ಲ. ನೀವು ಬಾಗಿಲಲ್ಲಿ ತಡೆಯೋ ಒಂದೊಂದು ಮಗುನೂ ಆ ಅಪಾಯಕ್ಕೆ ಹತ್ತಿರ ಹೋಗತ್ತೆ, ಇದನ್ನ ನಾನು ಕೋಪದಲ್ಲಿ ದೊಡ್ಡದು ಮಾಡಿ ಹೇಳ್ತಿಲ್ಲ. ಆಟ, ವ್ಯಾಯಾಮ ಎಲ್ಲರ ಮೂಲಭೂತ ಹಕ್ಕು ಅಂತ ಯುನೆಸ್ಕೋ 1978ರಲ್ಲೇ ಸನದು ಮಾಡಿದೆ, 2015ರಲ್ಲಿ ಪರಿಷ್ಕರಿಸಿದಾಗಲೂ ಅದನ್ನೇ ಮೊದಲು ಇಟ್ಟಿದೆ. ದೇವರು ಕೊಟ್ರೂ ಪೂಜಾರಿ ಕೊಡ ಅನ್ನೋ ಮಾತಿದೆಯಲ್ಲ, ಆ ಪೂಜಾರಿ ನೀವು.

ದುಡ್ಡು ಯಾರದ್ದು ಅನ್ನೋದು ಮರೀಬೇಡಿ. ಮಾಂಟ್ರಿಯಲ್‌ನಲ್ಲಿ 1976ರ ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂ ಸಾಲ ತೀರಿದ್ದು 2006ರಲ್ಲಿ, 30 ವರ್ಷ, ಅದೂ ತಂಬಾಕಿನ ಮೇಲೆ ಹಾಕಿದ ತೆರಿಗೆ ದುಡ್ಡಲ್ಲಿ. ಇಂಥ ಕಟ್ಟಡಗಳ ಬಿಲ್ ಕಟ್ಟೋರು ಯಾವಾಗ್ಲೂ ಮಾಮೂಲಿ ಜನಾನೇ, ಅಂಗಡೀಲಿ ಸಾಮಾನು ತಗೊಂಡಾಗ್ಲೂ ಕಟ್ತಾರೆ, ಸಂಬಳ ಬಂದಾಗ್ಲೂ ಕಟ್ತಾರೆ, ಆ ಬಿಲ್ಲಿಗೆ ಯಾರೂ ಆದಾಯದ ಸರ್ಟಿಫಿಕೇಟ್ ಕೇಳಲ್ಲ.

ನಿಮ್ಮ ಕಡೆಯಿಂದ ನಿನ್ನೆ ಒಂದು ಮೆಸೇಜ್ ಬಂದಿದೆ, ತೊಂದರೆಗೆ ವಿಷಾದ ಅಂತ, ಜೊತೆಗೆ ಒಂದು ಕಾಂಪ್ಲಿಮೆಂಟರಿ ಪಾಸು. ಬೇಡ. ನನ್ನೊಬ್ಬಳ ಮೂಗಿಗೆ ತುಪ್ಪ ಸವರಿ ಮುಗಿಸೋಕೆ ನೋಡ್ಬೇಡಿ, ಅದನ್ನ ಡಿಲೀಟ್ ಮಾಡಿದೀನಿ. ಕೌಂಟರಲ್ಲಿದ್ದವರನ್ನ ಕೆಲಸದಿಂದ ತೆಗೆದು ಕೈ ತೊಳ್ಕೊಳ್ಳೋದೂ ಬೇಡ, ಅವರು ಹೇಳಿದ್ದು ನೀವು ಹೇಳಿಕೊಟ್ಟಿದ್ದನ್ನೇ. ಷರತ್ತಲ್ಲಿರೋ 3 ಲೇನ್ ಬಿಡಿ, ಕೌಂಟರಲ್ಲಿ ಟಿಕೆಟ್ ಕೊಡಿ, ಅರ್ಧ ದರ ಕೊಡಿ, ಹಿರಿಯರ ಚೀಟಿ ಕೈಯಲ್ಲಿ ತಗೊಂಡು ಕೈಯಲ್ಲೇ ವಾಪಸ್ ಕೊಡಿ. ಇದು ಮನವಿ ಅಲ್ಲ, ನೀವೇ ಸೈನ್ ಮಾಡಿದ್ದು.

ಮಾಡ್ದೇ ಇದ್ರೆ ಏನಾಗತ್ತೆ ಅಂತ ಈಗ್ಲೇ ತಿಳ್ಕೊಳ್ಳಿ. ಯಾವ ದಿನ ಯಾವ ಹೊತ್ತಲ್ಲಿ ಯಾವ ಲೇನ್ ಯಾರ ಹೆಸರಲ್ಲಿ ಬ್ಲಾಕ್ ಆಗಿತ್ತು, ಅವತ್ತು ಗೇಟಲ್ಲಿ ಎಷ್ಟು ಕಾರ್ಡ್ ಮುಟ್ಟಿಸಿದ್ರು ಅನ್ನೋದರ ಪೂರ್ತಿ ಲಾಗ್ ಕೊಡಿ ಅಂತ ನಗರಾಡಳಿತಕ್ಕೆ ಮಾಹಿತಿ ಹಕ್ಕಲ್ಲಿ ಅರ್ಜಿ ಬರೆದಿಟ್ಟಿದೀನಿ, ನಾಳೆ ಹಾಕ್ತೀನಿ. ಅಕಾಡೆಮಿಯವರು ಆ ಖಾಲಿ ಲೇನುಗಳಿಗೆ ನಿಮಗೆ ಬಾಡಿಗೆ ಕಟ್ತಿದಾರಾ, ಕಟ್ತಿದ್ರೆ ಅದು ಯಾರ ಖಾತೆಗೆ ಹೋಗ್ತಿದೆ, ಅದನ್ನೂ ಕೇಳಿದೀನಿ. ಅವತ್ತಿನ ಫೋಟೋ ಇದೆ, ಒಂದೇ ಫ್ರೇಮಲ್ಲಿ ಆ್ಯಪ್‌ನ ಫುಲ್ ಅನ್ನೋ ಸ್ಕ್ರೀನೂ ಗಾಜಿನಾಚೆಯ ಖಾಲಿ ನೀರೂ ಗೋಡೆ ಗಡಿಯಾರಾನೂ ಬಂದಿದೆ. ನನ್ನ ಹಾಗೇ ವಾಪಸ್ ಹೋದ ಬೇರೆ ಮನೆಯವರೂ ಸಿಕ್ಕಿದಾರೆ, ಅವರ ಹತ್ರಾನೂ ಫೋಟೋ ಇದೆ. ಗುತ್ತಿಗೆ ರಿನ್ಯೂವಲ್ ಮೀಟಿಂಗಿಗೆ ಸಾರ್ವಜನಿಕರು ಬರಬಹುದು ಅಂತ ನಿಮ್ಮ ಷರತ್ತಲ್ಲೇ ಇದೆ. ನಾವೆಲ್ಲ ಬರ್ತೀವಿ, ಆ ಫೋಟೋ ತಗೊಂಡೇ ಬರ್ತೀವಿ, ನಮ್ಮಪ್ಪನೂ ಅದೇ ಚಪ್ಪಲಿ ಹಾಕ್ಕೊಂಡು ಮೊದಲನೇ ಸಾಲಲ್ಲಿ ಕೂರ್ತಾರೆ. ಗುತ್ತಿಗೆ ಉಳಿಸ್ಕೊಳ್ಳೋಕೆ ಏನು ಹೇಳ್ತೀರೋ ಅವತ್ತು ಎಲ್ಲರ ಮುಂದೆ ಹೇಳಿ.

ಇತಿ,
ಈ ಕೊಳ ಕಟ್ಟೋಕೆ ದುಡ್ಡು ಕೊಟ್ಟವರಲ್ಲಿ ಒಬ್ಬಳು