ಡಬಲ್ ಲೈನ್ ಇದ್ದರೂ ಬೆಳಗಿನ ಪ್ಯಾಸೆಂಜರ್ ಯಾಕೆ ನಿಲ್ಲುತ್ತದೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಇದೇ ಕಾಲಮ್ಮಿನಲ್ಲಿ ಉಪ್ಪಳ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಕಾಸರಗೋಡು–ಮಂಗಳೂರು ನಡುವೆ ಹೋಗಲೊಂದು, ಬರಲೊಂದು ಹಳಿ ಉಂಟು, ಮೇಲೆ ಕರೆಂಟು ಉಂಟು, ಎದುರಿಂದ ಬರುವ ಗಾಡಿಗೆ ಕಾಯುವ ಪ್ರಮೇಯವೇ ಇಲ್ಲ, ಮತ್ತೆ ಬೆಳಗಿನ ಪ್ಯಾಸೆಂಜರನ್ನು ದಾರಿ ಮಧ್ಯೆ ನಿಲ್ಲಿಸಿ ಸತಾಯಿಸುವುದು ಎಂತಕ್ಕೆ ಅಂತ. ನಾನೂ ಅದೇ ಗಾಡಿಯ ಗಿರಾಕಿ. ಕುಂಬಳೆಯಲ್ಲಿ ಹತ್ತಿ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿಯುವವನು. ಸೀಸನ್ ಟಿಕೆಟ್ ಮಾಡಿಸಲು ಶುರು ಮಾಡಿ ಹನ್ನೆರಡು ವರ್ಷ ಆಯಿತು. ರೈಲಿನವರನ್ನು ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ. ಆದರೆ ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ ಆದ ಸ್ಟೇಷನ್ ಮಾಸ್ಟರ್ ಒಬ್ಬರಿದ್ದಾರೆ. ಅವರು ಒಂದು ಭಾನುವಾರ ನನ್ನನ್ನು ಜಗಲಿಯಲ್ಲಿ ಕೂರಿಸಿ, ಹಳೇ ಕ್ಯಾಲೆಂಡರಿನ ಹಾಳೆ ಹರಿದು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಆಮೇಲೆ ನನ್ನ ಬೈಗುಳ ನಿಂತಿಲ್ಲ, ದಿಕ್ಕು ಮಾತ್ರ ಬದಲಾಗಿದೆ.

ರೈಲಿನ ಟೈಮ್‌ಟೇಬಲ್ ಅಂದರೆ ನಮಗೆ ಗೊತ್ತಿರುವುದು ಸ್ಟೇಷನ್ ಹೆಸರು, ಪಕ್ಕದಲ್ಲಿ ಗಂಟೆ. ಅದನ್ನು ಮಾಡುವವರು ಮೊದಲು ಹಾಗೆ ಬರೆಯುವುದೇ ಇಲ್ಲ, ಗ್ರಾಫ್ ಹಾಕುತ್ತಾರೆ. ಅಡ್ಡಕ್ಕೆ ದಿನದ 24 ಗಂಟೆ, ಉದ್ದಕ್ಕೆ ಸ್ಟೇಷನ್‌ಗಳು. ಒಂದೊಂದು ಗಾಡಿಗೂ ಒಂದೊಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಜೋರಿನ ಗಾಡಿ, ಇಳಿಜಾರು ಕಡಿಮೆ ಇದ್ದರೆ ನಿಧಾನದ್ದು, ಅಡ್ಡಕ್ಕೆ ಮಲಗಿದ್ದರೆ ಗಾಡಿ ನಿಂತಿದೆ ಅಂತ. ಡಬಲ್ ಲೈನ್ ಆದ ಮೇಲೆ ಎದುರಿನ ಗಾಡಿಯ ತೊಂದರೆ ಹೋಯಿತು, ಸರಿ. ಹಿಂದಿನಿಂದ ಬರುವುದಕ್ಕೆ ಏನು ಮಾಡುತ್ತೀರಿ?

ಮಾಸ್ಟ್ರು ಹಾಕಿದ ಲೆಕ್ಕ ಹೀಗೆ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ಸುಮಾರು 46 ಕಿ.ಮೀ. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರಿಗೆ ಗಂಟೆಗೆ ಸರಾಸರಿ 45 ಅಂತ ಇಟ್ಟುಕೊಳ್ಳಿ, ಎಲ್ಲೂ ನಿಲ್ಲದೆ ಬರುವ ಗಾಡಿಗೆ 90. ಪ್ಯಾಸೆಂಜರ್ ಹೊರಟು 20 ನಿಮಿಷದ ಮೇಲೆ ಜೋರಿನ ಗಾಡಿ ಕಾಸರಗೋಡು ಬಿಟ್ಟಿತು ಅನ್ನಿ. ಇನ್ನೂ 20 ನಿಮಿಷ ಕಳೆಯುವಾಗ, ಅಂದರೆ ಮಂಜೇಶ್ವರದ ಹತ್ತಿರ, ಅದು ಇದರ ಬೆನ್ನಿಗೇ ಬಂತು. ಕಾಗದದ ಮೇಲೆ ಎರಡು ಗೆರೆ ಒಂದನ್ನೊಂದು ದಾಟಬಹುದು, ಹಳಿಯ ಮೇಲೆ ಆಗುತ್ತದಾ? ಅದಕ್ಕೇ ಅದು ಹತ್ತಿರ ಬರುವ ಮೊದಲೇ ನಮ್ಮನ್ನು ಲೂಪ್ ಲೈನಿಗೆ, ಅಂದರೆ ಸ್ಟೇಷನ್‌ನಲ್ಲಿ ಮೇನ್ ಲೈನಿನ ಬದಿಗಿರುವ ಹಳಿಗೆ, ಹಾಕುತ್ತಾರೆ.

ಈಗ ನೋಡಿ ಮಜಾ. ಜೋರಿನ ಗಾಡಿ ಲೂಪ್ ಪಕ್ಕದಲ್ಲಿ ಹಾದು ಹೋಗಲು ಕಾಲು ನಿಮಿಷವೂ ಬೇಡ. ಆದರೆ ಅದರ ಡ್ರೈವರಿಗೆ ದೂರದಿಂದಲೇ ಹಸಿರು ಕಾಣಬೇಕು, ಹಳದಿ ಕಂಡರೆ ಅವನು ಬ್ರೇಕ್ ಹಾಕುತ್ತಾನೆ. ಹಾಗಾಗಿ ಅದು ಹಿಂದಿನ ಸ್ಟೇಷನ್‌ಗಳ ಹತ್ತಿರ ಇರುವಾಗಲೇ ನಾವು ಒಳಗೆ ಸೇರಿ, ಹಳಿ ಬದಲಿಸುವ ಪಾಯಿಂಟ್ ತಿರುಗಿಸಿ, ಮೇನ್ ಲೈನಿಗೆ ಸಿಗ್ನಲ್ ಕೊಟ್ಟು ಆಗಿರಬೇಕು. ಅಲ್ಲಿಗೆ ಹತ್ತು ನಿಮಿಷ ಹೋಯಿತು. ಅದು ಹಾದು ಹೋದ ಕೂಡಲೇ ನಮ್ಮನ್ನು ಬಿಡುವ ಹಾಗೂ ಇಲ್ಲ, ಮುಂದಿನ ಬ್ಲಾಕ್, ಅಂದರೆ ಮುಂದಿನ ಸ್ಟೇಷನ್ ತನಕದ ಹಳಿ, ಖಾಲಿ ಆಗಬೇಕು. ಮತ್ತೆ ಐದಾರು ನಿಮಿಷ. ಹಿಂದೆಯೇ ಇನ್ನೊಂದು ಗಾಡಿ ಉಂಟು ಅಂದರೆ ಮುಗಿಯಿತು, ಅದನ್ನೂ ಬಿಟ್ಟೇ ಕಳಿಸುತ್ತಾರೆ.

ಹೋದ ಮಂಗಳವಾರ ಹೀಗೇ ಒಂದು ಸಣ್ಣ ಸ್ಟೇಷನ್‌ನಲ್ಲಿ ನಿಂತಿದ್ದೆವು. ನನ್ನ ಎದುರು ಒಬ್ಬರು ಅಮ್ಮ, ಮಡಿಲಲ್ಲಿ ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರ್, ಬೆರಳಿನಿಂದ ಅದರ ಮೂಲೆ ಮಡಚುವುದು, ಬಿಡಿಸುವುದು. ಒಂಬತ್ತೂವರೆಗೆ ಟೋಕನ್ ಅಂತೆ. "ಇದು ಇನ್ನೆಷ್ಟು ಹೊತ್ತು ಮಗಾ?" ಅಂದರು. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ಜೋರಿನ ಗಾಡಿ ಗಾಳಿ ಹೊಡೆದುಕೊಂಡು ಹೋಯಿತು, ಕಿಟಕಿ ಬದಿಯ ಪೇಪರು ಹಾರಿ ಕೆಳಗೆ ಬಿತ್ತು. ಅವರು ನಿಟ್ಟುಸಿರು ಬಿಟ್ಟು "ಹೋಯ್ತಲ್ಲ, ಇನ್ನು ಬಿಡ್ತಾರೆ" ಅಂದರು. ಇನ್ನೂ ಏಳು ನಿಮಿಷ ಉಂಟು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ವಂದೇ ಭಾರತ್‌ನಂಥ ಜೋರಿನ ಗಾಡಿ ಬೇಡ ಅನ್ನುತ್ತಿಲ್ಲ. 2023ರ ಏಪ್ರಿಲ್‌ನಲ್ಲಿ ಕಾಸರಗೋಡು–ತಿರುವನಂತಪುರ ಗಾಡಿ ಶುರು ಆದಾಗ ನಾನೇ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಗ್ರಾಫ್‌ನಲ್ಲಿ ಒಂದು ಕಡಿದಾದ ಗೆರೆ ಸೇರಿದರೆ ನಾಲ್ಕಾರು ಓರೆ ಗೆರೆ ಮುರಿಯುತ್ತವೆ, ಅದನ್ನು ಯಾರೂ ಬಾವುಟ ಬೀಸಿ ಹೇಳುವುದಿಲ್ಲ ಅಷ್ಟೆ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಿರಿಕಿರಿ. ಮಂಗಳೂರಿನಿಂದ ಹೊರಟ ಎಕ್ಸ್‌ಪ್ರೆಸ್ ಕಾಸರಗೋಡಿಗೆ 40 ನಿಮಿಷದ ಆಸುಪಾಸಿನಲ್ಲಿ ಬರುತ್ತದೆ. ಅದೇ ಥರದ ಗಾಡಿ ತೆಂಕಿನಿಂದ ಬಂದು ಕಾಸರಗೋಡು ಬಿಟ್ಟು ಮಂಗಳೂರಿಗೆ ಸೇರಲು ಟೈಮ್‌ಟೇಬಲ್‌ನಲ್ಲಿ ಗಂಟೆಗಿಂತ ಜಾಸ್ತಿ ಕೊಟ್ಟಿರುತ್ತಾರೆ. ಹಳಿ ಅದೇ, ದೂರ ಅದೇ. ಮಾಸ್ಟ್ರ ಪ್ರಕಾರ ಇದಕ್ಕೆ ಅಲೊವೆನ್ಸ್ ಅಂತ ಹೆಸರು. ಹಳಿ ರಿಪೇರಿ ಕಡೆ ನಿಧಾನ ಹೋಗಬೇಕು, ದಾರಿಯಲ್ಲಿ ಹತ್ತಿಪ್ಪತ್ತು ನಿಮಿಷ ತಡ ಆಗುತ್ತದೆ, ಅದನ್ನು ತುಂಬಿಕೊಳ್ಳಲು ಸ್ವಲ್ಪ ಹೆಚ್ಚುವರಿ ಸಮಯ ಬೇಕೇ ಬೇಕು. ಇಲ್ಲದಿದ್ದರೆ ಬೆಳಿಗ್ಗೆ ಒಂದು ಗಾಡಿ ತಡ ಆದದ್ದು ಸಂಜೆ ತನಕ ಎಲ್ಲವನ್ನೂ ಎಳೆದು ಹಾಕುತ್ತದೆ. ಒಪ್ಪಿದೆ. ಆದರೆ ಆ ಸಮಯವನ್ನೆಲ್ಲ ತಂದು ಕೊನೆಯ ತುಂಡಿನಲ್ಲೇ ಸುರಿಯುತ್ತಾರಲ್ಲ, ಆ ಕೊನೆಯ ತುಂಡು ಅಂದರೆ ನಾವು! ಶೊರ್ನೂರಿನಿಂದ 250 ಕಿ.ಮೀ.ಗಿಂತ ಜಾಸ್ತಿ ಓಡಿ ಬಂದ ಗಾಡಿ ಕಾಸರಗೋಡಿಗೆ 20 ನಿಮಿಷ ತಡವಾಗಿ ಬಂದರೂ ಮಂಗಳೂರಿಗೆ "ರೈಟ್ ಟೈಮ್". ರೆಕಾರ್ಡ್ ಚಂದ, ನಡುವೆ ಕಾದವರು ಲೆಕ್ಕಕ್ಕಿಲ್ಲ. ಬೇಗ ಬಂದರೆ ಇನ್ನೂ ತಮಾಷೆ, ನೇತ್ರಾವತಿ ಹೊಳೆ ದಾಟಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲ ಅಂತ ಹೊರಗೆ ನಿಂತಿರುತ್ತದೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗುವವರು ಅಲ್ಲೇ ಹಾರಿ ನಡೆಯುವುದನ್ನು ನೋಡಿದ್ದೇನೆ. ಅಪಾಯ, ಮಾಡಬಾರದು. ಆದರೂ ಮಾಡುತ್ತಾರೆ.

ಮಂಗಳೂರು ಬೇರೆ ಮೂರು ಕಡೆಯವರು ಸೇರುವ ಜಾಗ. ನಮ್ಮ ಲೈನ್ ದಕ್ಷಿಣ ರೈಲ್ವೆ, ಘಾಟಿ ಕಡೆಯದು ನೈಋತ್ಯ ರೈಲ್ವೆ, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಕೊಂಕಣದಲ್ಲಿ ಹೆಚ್ಚಿನ ಕಡೆ ಈಗಲೂ ಒಂದೇ ಹಳಿ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯಕ್ಕೆ ಅಲ್ಲಿ ವೇಗ ಇಳಿಸಿ ಬೇರೆಯೇ ಟೈಮ್‌ಟೇಬಲ್ ಹಾಕುತ್ತಾರೆ. ಮೊದಲೆಲ್ಲ ಜೂನ್ 10ರಿಂದ ಅಕ್ಟೋಬರ್ 31, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20. ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳ ಸಮಯ ಅಲ್ಲಿ ಜಾರಿದರೆ ಇಲ್ಲಿ ನಮ್ಮ ಗ್ರಾಫ್‌ನಲ್ಲೂ ಜಾರುತ್ತದೆ. ರತ್ನಗಿರಿಯಲ್ಲಿ ಮಳೆ ಬಂದರೆ ಕುಂಬಳೆಯಲ್ಲಿ ಕೊಡೆ ಹಿಡಿಯಬೇಕು, ಎಂತ ಮಾಡುವುದು.

ಬೆಳಗಿನ ಪ್ಯಾಸೆಂಜರನ್ನು 15 ನಿಮಿಷ ಮುಂಚೆ ಬಿಟ್ಟರೆ ಆಗುವುದಿಲ್ಲವಾ ಅಂತ ಮಾಸ್ಟ್ರನ್ನು ಕೇಳಿದೆ. ಅವರು ಪೆನ್ಸಿಲಿನಲ್ಲಿ ಗೆರೆಯನ್ನು ಎಡಕ್ಕೆ ಸರಿಸಿದರು. ಅದು ಹೋಗಿ ಒಂದು ಗೂಡ್ಸಿನ ಗೆರೆಗೆ ತಾಗಿತು. ಗೂಡ್ಸನ್ನು ಸರಿಸಿದರು, ಅದು ಹಳಿ ಕೆಲಸಕ್ಕೆ ಅಂತ ಖಾಲಿ ಬಿಟ್ಟ ಸಮಯದೊಳಗೆ ಬಿತ್ತು. "ಕಷ್ಟ, ಆದರೆ ಆಗದ್ದಲ್ಲ" ಅಂದರು. "ಯಾರ ಹದಿನೈದು ನಿಮಿಷ ಅಗ್ಗ ಅಂತ ನೋಡುತ್ತಾರೆ. ಸೀಸನ್ ಟಿಕೆಟಿನವನದ್ದು ಯಾವಾಗಲೂ ಅಗ್ಗ."

ನನ್ನ ತಕರಾರು ಇಷ್ಟೇ. ಹೊಸ ಟೈಮ್‌ಟೇಬಲ್ ಈಗ ಜನವರಿ 1ಕ್ಕೆ ಬರುತ್ತದೆ, ಅದರ ಮಾತುಕತೆ ತಿಂಗಳುಗಟ್ಟಲೆ ಮುಂಚೆ ನಡೆಯುತ್ತದೆ. ತಿರುವನಂತಪುರದಿಂದ ನೋಡಿದರೆ ನಾವು ಕೊನೆ, ಬೆಂಗಳೂರಿನಿಂದ ನೋಡಿದರೆ ನಾವು ಆಚೆ ರಾಜ್ಯ. ಹೊಸ ಗಾಡಿ ಬೇಕು, ಸ್ಟಾಪ್ ಬೇಕು ಅಂತ ಮನವಿ ಕೊಡುವವರು ಬಹಳ ಜನ. ಅದರ ಜೊತೆ ಇದನ್ನೂ ಬರೆಯಿರಿ: ಶಾಲೆ, ಕಾಲೇಜು, ಆಸ್ಪತ್ರೆಯ ಹೊತ್ತಿಗೆ ಒಂದೇ ಒಂದು ಪ್ಯಾಸೆಂಜರನ್ನು ಎಲ್ಲೂ ಬದಿಗೆ ಹಾಕದೆ ತಲುಪಿಸಿ, ಮತ್ತೆ ಆ ಅಲೊವೆನ್ಸಿನಲ್ಲಿ ಸ್ವಲ್ಪವನ್ನು ಕಣ್ಣೂರಿಗೂ ಕಾಸರಗೋಡಿಗೂ ಹಂಚಿ.

ಮಾಸ್ಟ್ರು ಗೆರೆ ಎಳೆದ ಹಾಳೆಯ ಫೋಟೋ ಜೊತೆಗಿಟ್ಟಿದ್ದೇನೆ. ಜಾಗ ಇದ್ದರೆ ಹಾಕಿ. ಮೂಲೆಯಲ್ಲಿ ಅವರ ಮನೆಯ ಹಾಲಿನ ಲೆಕ್ಕ ಉಂಟು, ಅದನ್ನು ಕತ್ತರಿಸಿ ಹಾಕಿದರೆ ಉಪಕಾರ.

– ಕುಂಬಳೆಯ ಒಬ್ಬ ಸೀಸನ್ ಟಿಕೆಟ್ ಪ್ರಯಾಣಿಕ