ಶಾಂತ ಕೋಣೆಗೆ ಬಣ್ಣ ಹೊಡೆಸುವ ಮುಂಚೆ

ಪ್ರಿಯ ಗೆಳೆಯಾ,

ವಿಕಲಚೇತನ ವಿದ್ಯಾರ್ಥಿಗಳ ಅಗತ್ಯ ನೋಡಿಕೊಳ್ಳುವ, ನಿಮ್ಮ ಕಾಲೇಜಿನ ಸಮಾನ ಅವಕಾಶ ಕೋಶದ ಹೊಣೆ ಈ ವರ್ಷ ನಿನ್ನ ಹೆಗಲಿಗೆ ಬಿದ್ದಿದೆ ಅಂತ ಗೊತ್ತಾಯಿತು. ಆಟಿಸಂ, ಎಡಿಎಚ್‌ಡಿ (ಗಮನ ಹಿಡಿದಿಡುವ ತೊಡಕು), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇರುವ ವಿದ್ಯಾರ್ಥಿಗಳಿಗೆ ಮೊದಲು, ಗದ್ದಲ ತಡೆಯಲಾಗದಾಗ ಹೋಗಿ ಕೂರಲು ಒಂದು ಶಾಂತ ಕೋಣೆ ಮಾಡೋಣ ಅನ್ನುತ್ತಿದ್ದಾರಂತೆ ನಿಮ್ಮ ಪ್ರಿನ್ಸಿಪಾಲರು. ಮಾಡಲಿ. ನೀನು ಮಾತ್ರ ಇಂಟರ್ನಲ್ ಟೆಸ್ಟಿನಿಂದ ಶುರು ಮಾಡು. ಅದರ ವೇಳಾಪಟ್ಟಿ, ಪ್ರಶ್ನೆಪತ್ರಿಕೆ ಎರಡೂ ನಿಮ್ಮ ಕೈಯಲ್ಲೇ ಇರುತ್ತವೆ.

ವಿಕಲಚೇತನರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎನ್ನುತ್ತದೆ ಕೇಂದ್ರ ಸರ್ಕಾರದ ಮಾರ್ಗಸೂಚಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅದು ಹೇಗೋ ಸಿಕ್ಕೀತು, ಇಂಟರ್ನಲ್ಲಿನಲ್ಲಿ ಮಾಯವಾಗುತ್ತದೆ. ಬೆಲ್ ಹೊಡೆದ ಕೂಡಲೇ ಮುಂದಿನ ತರಗತಿಯವರು ಒಳಗೆ ನುಗ್ಗುತ್ತಾರೆ. ಊಟದ ಬಿಡುವಿಗೆ ಮುಂಚೆ ಇಟ್ಟರೆ ಹೆಚ್ಚುವರಿ ಸಮಯ ಬೇಕಾದ ಹುಡುಗನ ಊಟ ಹೋಯಿತು, ಕೊನೆಯ ಪೀರಿಯಡ್ಡಿಗೆ ಇಟ್ಟರೆ ಊರಿನ ಬಸ್ಸು ಹೋಯಿತು. ಲೆಕ್ಕ ತಿರುಗಿಸಿ ಹಾಕು: 60 ನಿಮಿಷದ ಪೀರಿಯಡ್ಡಿಗೆ 45 ನಿಮಿಷದ ಪ್ರಶ್ನೆಪತ್ರಿಕೆ. ಅದರ ಹೆಚ್ಚುವರಿ ಸಮಯ ಸರಿಯಾಗಿ 15 ನಿಮಿಷ. ಇವರನ್ನು ಮೊದಲಿನಿಂದಲೇ ಬೇರೆ ಕೋಣೆಯಲ್ಲಿ ಕೂರಿಸಿದರೆ ಉಳಿದವರು ಎದ್ದು ಹೋಗುವ ಗಲಾಟೆಯೂ ತಟ್ಟದು. ಕೋಣೆ ಸಂಖ್ಯೆಯನ್ನು ಮುಂಚಿತವಾಗಿ ಮೆಸೇಜ್ ಮಾಡಿಬಿಡು. ‘ಎಕ್ಸ್‌ಟ್ರಾ ಟೈಮ್ ಯಾರಿಗೆ, ಕೈ ಎತ್ತಿ’ ಎಂದು ತರಗತಿಯಲ್ಲಿ ಕೇಳಿದರೆ ಒಂದು ಕೈಯೂ ಏಳುವುದಿಲ್ಲ.

ಅಂಗವೈಕಲ್ಯದ ಸರ್ಟಿಫಿಕೇಟ್ ಎಲ್ಲಿ ಅಂತ ಆಫೀಸಿನವರು ಕೇಳಿಯೇ ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಇವೆ, ಎಡಿಎಚ್‌ಡಿ ತನ್ನ ಹೆಸರಿನಲ್ಲಿ ಇಲ್ಲ. ಆದರೆ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವೈಕಲ್ಯ ಶೇ 40ರ ಮಿತಿ ತಲುಪಿಲ್ಲ ಎಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು (ವಿದ್ಯಾರ್ಥಿ ಹೇಳಿದ ಉತ್ತರ ಬರೆದುಕೊಡುವವರನ್ನು) ನಿರಾಕರಿಸಬಾರದು ಎಂದಿದೆ. ಇಂಟರ್ನಲ್ಲಿಗೆ ವೈದ್ಯರದೋ ಮನಶ್ಶಾಸ್ತ್ರಜ್ಞರದೋ ಒಂದು ಪತ್ರ ಸಾಕು ಎನ್ನುವುದು ನನ್ನ ಅಭಿಪ್ರಾಯ. ದುರುಪಯೋಗದ ಭಯ ಬೇಡ, ಓದದೆ ಬಂದವನಿಗೆ 15 ನಿಮಿಷ ಹೆಚ್ಚು ಕೊಟ್ಟರೆ ಆಕಳಿಸುತ್ತಾನೆ, ಅಷ್ಟೆ. ಲಿಪಿಕಾರರು ಬೇಕಾದರೆ ಎರಡು ದಿನ ಮುಂಚೆ ಇಬ್ಬರೂ ಭೇಟಿಯಾಗಲಿ. ಸಮೀಕರಣವನ್ನು ಬಾಯಲ್ಲಿ ಹೇಳಿ ಬರೆಸುವುದಕ್ಕೆ ಅಭ್ಯಾಸ ಬೇಕು.

ನೋಟ್ಸ್ ವಿಚಾರ ಕನ್ನಡದಲ್ಲಿ ಸ್ವಲ್ಪ ಬೇರೆಯೇ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಡಿಸ್ಲೆಕ್ಸಿಯಾ ಇರುವವರ ಕಣ್ಣು ಅಲ್ಲೇ ಸಾಲು ತಪ್ಪುತ್ತದೆ. ಅಕ್ಷರ 14 ಪಾಯಿಂಟ್, ಸಾಲಿನ ಅಂತರ ಒಂದೂವರೆ ಇರಲಿ. ಎಡಕ್ಕೆ ಮಾತ್ರ ಹೊಂದಿಸು. ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವಿನ ಜಾಗ ಏರುಪೇರಾಗುತ್ತದೆ. ಹಳೆಯ ನುಡಿ ಫಾಂಟಿನ ಫೈಲನ್ನು ಹಾಗೇ ಕಳಿಸಬೇಡ, ಫೋನು ಅದನ್ನು ಓದಿ ಹೇಳಲಾರದು. ಯೂನಿಕೋಡಿಗೆ ಬದಲಿಸಿ ಕಳಿಸು. ಸ್ಕ್ಯಾನ್ ಮಾಡಿದ ಪಿಡಿಎಫ್ಫಿನದೂ ಇದೇ ಗೋಳು. ಇತಿಹಾಸದ ಉತ್ತರದಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ಅಂಕ ಕತ್ತರಿಸಬೇಡಿ ಅಂತ ಸಹೋದ್ಯೋಗಿಗಳಿಗೂ ಹೇಳು.

ಅಸೈನ್‌ಮೆಂಟು ಎಡಿಎಚ್‌ಡಿ ಇರುವವರ ಕೊರಳಿಗೆ ಉರುಳು. ‘ನವೆಂಬರ್ ಕೊನೆಗೆ’ ಎಂದರೆ ಎಷ್ಟೋ ಮಂದಿಗೆ ‘ಈಗಲ್ಲ’ ಎಂದಷ್ಟೇ ಕೇಳಿಸುತ್ತದೆ. 10 ಅಂಕವನ್ನು ಒಡೆ: ಎರಡನೇ ವಾರ ವಿಷಯಕ್ಕೆ 2, ಐದನೇ ವಾರ ಒಂದು ಪುಟದ ರೂಪುರೇಷೆಗೆ 3, ಕೊನೆಯ ಪ್ರತಿಗೆ 5. ಪ್ರಶ್ನೆಯೂ ನೇರವಾಗಿರಲಿ. ‘ಚರ್ಚಿಸಿ’ ಎಂದರೆ ಎಷ್ಟು, ಯಾವುದು? ‘ಮೂರು ಕಾರಣ ಬರೆದು ಒಂದಕ್ಕೆ ಉದಾಹರಣೆ ಕೊಡಿ’ ಅಂದರೆ ಎಲ್ಲರಿಗೂ ಸುಲಭ.

ಇನ್ನು ಆ ಕೋಣೆ. ಹತ್ತಡಿ ಹತ್ತಡಿ ಸಾಕು. ಗುಂಯ್ ಅನ್ನುವ ಹಳೆ ಚೋಕಿನ ಟ್ಯೂಬ್‌ಲೈಟ್ ತೆಗೆಸು, ಕಿರುಗುಟ್ಟುವ ಫ್ಯಾನಿಗೆ ಎಣ್ಣೆ ಬಿಡಿಸು. ಬೀಗ ಬೇಡ. ಅಟೆಂಡರ್ ಹತ್ತಿರ ಕಾರಣ ಹೇಳಿ ಕೀಲಿ ಇಸಿದುಕೊಳ್ಳಬೇಕಾದರೆ ಯಾರೂ ಹೋಗುವುದಿಲ್ಲ, ಆರು ತಿಂಗಳಲ್ಲಿ ಅದು ಮುರಿದ ಬೆಂಚುಗಳ ಗೋದಾಮು.

ಮುಂದಿನ ಇಂಟರ್ನಲ್ಲಿನ ವೇಳಾಪಟ್ಟಿ ಬೋರ್ಡಿಗೆ ಅಂಟಿಸುವ ಮುಂಚೆ ನನಗೊಮ್ಮೆ ಕಳಿಸು, ಕೋಣೆ ಹಂಚಿಕೆ ಒಟ್ಟಿಗೆ ನೋಡೋಣ.

ನಿನ್ನ ಗೆಳೆಯ